ಗೋಬಿಯ ಬಣ್ಣ ಹಿಡಿದ ಉಣ್ಣೆ ದಾರ

ಗೋಬಿ ಮಂಚೂರಿಯ ಗುಟ್ಟನ್ನು ಒಂದು ಗೇಣು ಬಿಳಿ ಉಣ್ಣೆ ದಾರ ಬಯಲು ಮಾಡುವುದನ್ನು ಮೊನ್ನೆ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕಣ್ಣಾರೆ ಕಂಡೆ. ಗಾಡಿಯಿಂದ ಕಟ್ಟಿಸಿಕೊಂಡು ಬಂದಿದ್ದ ಗೋಬಿಯ ಜಿಡ್ಡು ತೆಗೆದು, ನೀರಿನಲ್ಲಿ ಕಿವುಚಿ ಸೋಸಿದರು ಮೇಷ್ಟ್ರು. ಚೂರು ಆಮ್ಲ ಹಾಕಿ, ದಾರ ಇಳಿಬಿಟ್ಟು ಕುದಿಸಿದರು. ದಾರ ಕಿತ್ತಳೆಯಾಯಿತು, ನಲ್ಲಿ ಕೆಳಗೆ ಎಷ್ಟು ತೊಳೆದರೂ ಬಿಡಲಿಲ್ಲ. ‘ಬ್ಯಾಡಗಿ ಮೆಣಸಿನಕಾಯಿ ಕೆಂಪಾಗಿದ್ದರೆ ಹೀಗೆ ಹಿಡೀತಿರಲಿಲ್ಲ ಸಾರ್, ಅದು ಎಣ್ಣೆಗೆ ಹೋಗೋ ಬಣ್ಣ’ ಎಂದರು. ಅದೇ ದಾರವನ್ನು ಅಮೋನಿಯ ನೀರಿನಲ್ಲಿ ಕುದಿಸಿದಾಗ ಬಣ್ಣ ಸದ್ದಿಲ್ಲದೆ ಬಿಟ್ಟುಕೊಟ್ಟಿತು. ಆ ನೀರನ್ನು ಇಂಗಿಸಿ ಕಾಗದದ ಮೇಲೊಂದು ಚುಕ್ಕೆ, ಪಕ್ಕದಲ್ಲಿ ಹೆಸರು ಗೊತ್ತಿರುವ ಬಣ್ಣಗಳ ಚುಕ್ಕೆಗಳು. ಅಡಿಯಿಂದ ದ್ರಾವಕ ಏರಿದಂತೆ ನಮ್ಮ ಚುಕ್ಕೆಯೂ ಏರಿ, ಸನ್‌ಸೆಟ್ ಯೆಲ್ಲೊ ಪಕ್ಕಕ್ಕೇ ಬಂದು ನಿಂತಿತು. ಲಕ್ಷಾಂತರ ರೂಪಾಯಿಯ ಯಂತ್ರಗಳ ಕಾಲದಲ್ಲೂ ನನಗೆ ಈ ದಾರದ ಮೇಲೆಯೇ ಪ್ರೀತಿ.

ತಮಾಷೆಯೆಂದರೆ, ಸನ್‌ಸೆಟ್ ಯೆಲ್ಲೊ ಕಳ್ಳಬಣ್ಣವೇನಲ್ಲ. ಕಾನೂನು ಒಪ್ಪಿದ ಎಂಟು ಕೃತಕ ಬಣ್ಣಗಳಲ್ಲಿ ಅದೂ ಒಂದು. ಮಿಠಾಯಿಗೆ ಕೆ.ಜಿ.ಗೆ 100 ಮಿಲಿಗ್ರಾಂವರೆಗೆ ಹಾಕಬಹುದು, ಗೋಬಿಗೆ ಮಾತ್ರ ಚಿಟಿಕೆಯೂ ಕೂಡದು. ಬಟ್ಟೆಗೆ ಹಾಕುವ ರೋಡಮೈನ್-ಬಿ ಯಾವ ತಿಂಡಿಗೂ ಸಲ್ಲ.

2024ರ ಮಾರ್ಚ್‌ನಲ್ಲಿ ನಡೆದದ್ದು ನೆನಪಿರಬಹುದು. ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ನಿಷೇಧವಾಯಿತು. ಆಗ ಎಲ್ಲರ ಬಾಯಲ್ಲೂ ‘ಜೀವಾವಧಿ ಶಿಕ್ಷೆ’. 2006ರ ಆಹಾರ ಸುರಕ್ಷತಾ ಕಾಯ್ದೆಯ 59ನೇ ಸೆಕ್ಷನ್ ಓದಿದರೆ ಆ ಅಬ್ಬರ ಇಳಿಯುತ್ತದೆ: ಏಳು ವರ್ಷದಿಂದ ಜೀವಾವಧಿ, ತಿಂದವರು ಸತ್ತರೆ ಮಾತ್ರ. ಯಾರಿಗೂ ಏನೂ ಆಗದಿದ್ದರೆ, 2023ರ ತಿದ್ದುಪಡಿಯ ನಂತರ, ಹೆಚ್ಚೆಂದರೆ ಮೂರು ತಿಂಗಳು ಮತ್ತು 3 ಲಕ್ಷ ದಂಡ.

ನನ್ನ ತಕರಾರು ಬೇರೆ. ಗಾಡಿಯವನು ಬಣ್ಣ ಬೇಯಿಸಿ ಮಾಡಿಕೊಂಡವನಲ್ಲ, ಅಂಗಡಿಯಿಂದ ತಂದವನು. ಬಣ್ಣದ ಡಬ್ಬಿಯ ಮೇಲೆ ಒಳಗಿರುವ ಬಣ್ಣದ ಹೆಸರು, ಬ್ಯಾಚ್ ಸಂಖ್ಯೆ ಇರಲೇಬೇಕು. ‘ಕಬಾಬ್ ಕಲರ್’ ಎಂದಷ್ಟೇ ಬರೆದ ಬಿಡಿ ಪೊಟ್ಟಣ ಮಾರಿದರೆ ಅದು ತಪ್ಪು ಲೇಬಲ್ಲಿನ ಅಪರಾಧ, 3 ಲಕ್ಷದವರೆಗೆ ದಂಡ. ಆದರೂ ಟಿ.ವಿ. ಕ್ಯಾಮೆರಾ ಹೋಗುವುದು ಬಾಣಲೆಯತ್ತಲೇ.

ಗಾಡಿಯವನಿಗೂ ಒಂದು ದಾರಿಯಿದೆ. ಅಧಿಕಾರಿ ತೆಗೆದ ಮಾದರಿ ನಾಲ್ಕು ಪಾಲಾಗುತ್ತದೆ. ಒಂದು ಆಹಾರ ವಿಶ್ಲೇಷಕರಿಗೆ. ವರದಿ ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಆಗ ಇನ್ನೊಂದು ಪಾಲು ರೆಫರಲ್ ಪ್ರಯೋಗಾಲಯಕ್ಕೆ ಹೋಗಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು.