ಚರ್ಮದ ಸೀಳಿಗೆ ಸೂಜಿ ಮದ್ದಲ್ಲ

ಬಟ್ಟೆ ಹರಿದರೆ ಹೊಲಿಯಬೇಕೆಂಬುದು ನಮ್ಮ ಮನೆಗಳಲ್ಲಿ ರೂಢಿಯಾದ ತಿಳಿವಳಿಕೆ. ಚರ್ಮದ ಜಾಕೆಟ್ಟಿಗೆ ಈ ನ್ಯಾಯ ಅನ್ವಯಿಸುವುದಿಲ್ಲ. ಬಟ್ಟೆಯಲ್ಲಿ ಸೂಜಿಯು ಎಳೆಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ. ಚರ್ಮದಲ್ಲಿ ಅದು ಕೊರೆದ ರಂಧ್ರ ಮತ್ತೆ ಮುಚ್ಚುವುದಿಲ್ಲ. ಸೀಳಿನ ಪಕ್ಕದಲ್ಲೇ ಸಾಲಾಗಿ ರಂಧ್ರ ಕೊರೆದರೆ, ಅಂಚೆಚೀಟಿಯ ಹಾಳೆಯಂತೆ, ಇನ್ನಷ್ಟು ಹರಿಯಲು ಗೆರೆ ಎಳೆದುಕೊಟ್ಟಂತಾಗುತ್ತದೆ.

ಅಂಗುಲದೊಳಗಿನ ಸೀಳಿಗೆ ಚಿಕಿತ್ಸೆ ಒಳಗಿನಿಂದಲೇ ಆಗಬೇಕು. ಲೈನಿಂಗಿನ ಹೊಲಿಗೆಯನ್ನು ಒಂದೆಡೆ ಬಿಚ್ಚಿ, ಸೀಳಿಗಿಂತ ತುಸು ದೊಡ್ಡದಾದ ತೆಳು ಚರ್ಮದ ತುಂಡೊಂದನ್ನು ಹಿಂಬದಿಗೆ ಅಂಟಿಸಬೇಕು. ತುಂಡು ದುಂಡಗಿರಲಿ, ಮೂಲೆಗಳಿದ್ದರೆ ಅಲ್ಲಿಂದಲೇ ಏಳತೊಡಗುತ್ತದೆ. ಅಂಚುಗಳು ಒಂದರ ಮೇಲೊಂದು ಏರದಂತೆ ಕೂಡಿಸಿ, ಭಾರವಿಟ್ಟು, ಒಂದು ರಾತ್ರಿ ಬಿಡಬೇಕು. ಅಂಟು ಒಣಗಿದ ಮೇಲೂ ಬಾಗುವಂಥದ್ದಾಗಿರಬೇಕು. ಕ್ಷಣದಲ್ಲಿ ಕಚ್ಚಿಕೊಳ್ಳುವ ಗೋಂದು ಗಡುಸಾಗಿ, ತೋಳು ಮಡಚಿದೊಡನೆ ಬಿರಿಯುತ್ತದೆ. ಬಣ್ಣದ ಮಾತು ಕೊನೆಗೆ. ರೆಕ್ಸಿನ್ ಜಾಕೆಟ್ಟಿಗೆ ಇದನ್ನು ಹೇಳಿದ್ದಲ್ಲ. ಅದರ ಮೇಲ್ಪದರ ಸುಲಿಯತೊಡಗಿದರೆ ಅಲ್ಲಿಗೆ ಮುಗಿಯಿತು.

ಈ ಲೆಕ್ಕವೆಲ್ಲ ಬೀದಿಬದಿಯಲ್ಲಿ ಕೊಡೆಯಡಿ ಕುಳಿತ ಅನುಭವಿ ಚರ್ಮ ಕುಶಲಕರ್ಮಿಗೆ ಕರಗತ. ಇಂಥವರಿಗಾಗಿಯೇ ರಾಜ್ಯ ಸರ್ಕಾರ 1976ರಲ್ಲಿ ಲಿಡ್ಕರ್ ನಿಗಮವನ್ನು ಸ್ಥಾಪಿಸಿತು. ನಾವೋ, ಸಾವಿರಾರು ರೂಪಾಯಿಯ ಜಾಕೆಟ್ಟನ್ನು ಅವರ ಮುಂದಿಟ್ಟು ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅವರ ಕೈಯರಿವು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಬೈಕ್ ಸವಾರರಿಗೆ ಮಾತ್ರ ಒಂದು ಎಚ್ಚರಿಕೆ. ಮೊಣಕೈ, ಭುಜಗಳಲ್ಲಿ ಹರಿದಿದ್ದರೆ ಅಂಟಿನ ತೇಪೆ ಸಾಲದು. ಬಿದ್ದಾಗ ರಸ್ತೆಗೆ ಉಜ್ಜುವುದು ಆ ಭಾಗಗಳೇ. ಅಲ್ಲಿ ಇಡೀ ತುಂಡನ್ನೇ ಬದಲಿಸಿ, ಹಳೆಯ ಹೊಲಿಗೆಯ ಸಾಲಿನಲ್ಲೇ ಹೊಲಿಸಬೇಕು. ಸೂಜಿಗೆ ಕೆಲಸವಿರುವುದು ಅಲ್ಲಿ.