ಜೈವಿಕ ಅಣುಗಳಲ್ಲಿ ತ್ರಿವಿಮ ಸಮಾಂಗತೆ

ಒಂದೇ ಅಣುಸೂತ್ರವನ್ನೂ ಒಂದೇ ಬಂಧಕ್ರಮವನ್ನೂ ಹೊಂದಿದ್ದು, ಪರಮಾಣುಗಳು ಮೂರು ಆಯಾಮಗಳಲ್ಲಿ ಹರಡಿಕೊಂಡ ರೀತಿಯಲ್ಲಿ ಮಾತ್ರ ಭಿನ್ನವಾಗಿರುವ ಅಣುಗಳನ್ನು ತ್ರಿವಿಮ ಸಮಾಂಗಿಗಳು ಅಥವಾ ಸ್ಟೀರಿಯೋಐಸೋಮರ್‌ಗಳು ಎನ್ನುತ್ತಾರೆ. ಇವುಗಳಲ್ಲಿ ಒಂದು ಇನ್ನೊಂದರ ಕನ್ನಡಿಬಿಂಬವಾಗಿದ್ದು, ಒಂದರ ಮೇಲೊಂದು ಹೊಂದಿಕೊಳ್ಳದ ಜೋಡಿಗಳಿಗೆ ಎನಾಂಟಿಯೋಮರ್‌ಗಳೆಂದು ಹೆಸರು. ಎಡಗೈ ಬಲಗೈಗಳ ಸಂಬಂಧ ಇಂಥದ್ದೇ. ಈ ಗುಣವನ್ನು ಸೂಚಿಸುವ ಕೈರಾಲಿಟಿ ಎಂಬ ಪದವು ಹಸ್ತ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದಿದೆ. ಕನ್ನಡದ ‘ಕೈ’ಯೊಡನೆ ಕಾಣುವ ಹೋಲಿಕೆ ಆಕಸ್ಮಿಕ.

ಇತಿಹಾಸ

1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ಟಾರ್ಟಾರಿಕ್ ಆಮ್ಲದ ಲವಣವೊಂದರಲ್ಲಿ ಪರಸ್ಪರ ಕನ್ನಡಿಬಿಂಬಗಳಂತಿದ್ದ ಎರಡು ಬಗೆಯ ಹರಳುಗಳನ್ನು ಗುರುತಿಸಿ, ಒಂದೊಂದಾಗಿ ಆರಿಸಿ ಬೇರ್ಪಡಿಸಿದರು. ಒಂದರ ದ್ರಾವಣವು ಧ್ರುವೀಕೃತ ಬೆಳಕಿನ ಸಮತಲವನ್ನು ಬಲಕ್ಕೂ, ಇನ್ನೊಂದರ ದ್ರಾವಣವು ಅಷ್ಟೇ ಪ್ರಮಾಣದಲ್ಲಿ ಎಡಕ್ಕೂ ತಿರುಗಿಸಿತು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿರುತ್ತವೆಂಬ ವಿವರಣೆಯನ್ನು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಪ್ರತ್ಯೇಕವಾಗಿ ನೀಡಿದರು.

ಜೀವಿಗಳಲ್ಲಿ

ಪ್ರೋಟೀನುಗಳನ್ನು ಕಟ್ಟುವ 20 ಸಾಮಾನ್ಯ ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್‌ಗೆ ಕೈರಾಲಿಟಿ ಇಲ್ಲ. ಉಳಿದ 19 ಎಲ್ ರೂಪದವು. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಸಕ್ಕರೆಯಾದರೋ ಡಿ ರೂಪದ್ದು. ಇಂಥ ಘಟಕಗಳಿಂದಾದ ಕಿಣ್ವಗಳೂ ಗ್ರಾಹಕಗಳೂ ಬಲಗಾಲಿನ ಚಪ್ಪಲಿಯಂತೆ ಒಂದು ರೂಪಕ್ಕೆ ಮಾತ್ರ ಸರಿಹೊಂದುತ್ತವೆ. ಕಾರ್ವೋನ್ ಎಂಬ ಸಂಯುಕ್ತದ ಒಂದು ಎನಾಂಟಿಯೋಮರ್ ಸ್ಪಿಯರ್‌ಮಿಂಟ್ ಜಾತಿಯ ಪುದೀನದ ಪರಿಮಳಕ್ಕೆ ಕಾರಣ. ಅದರ ಕನ್ನಡಿಬಿಂಬವು ಸಬ್ಬಸಿಗೆ ಬೀಜದ ತೈಲದಲ್ಲಿದೆ. ಮೂಗು ಇವೆರಡನ್ನೂ ಸುಲಭವಾಗಿ ಬೇರ್ಪಡಿಸಿ ಗುರುತಿಸುತ್ತದೆ.

ಕನ್ನಡಿಬಿಂಬವಲ್ಲದ ತ್ರಿವಿಮ ವ್ಯತ್ಯಾಸವೂ ಅಷ್ಟೇ ನಿರ್ಣಾಯಕ. ಅಕ್ಕಿಯ ಪಿಷ್ಟವೂ ಭತ್ತದ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆದವು. ಮೊದಲನೆಯದರಲ್ಲಿ ಕೊಂಡಿ ಆಲ್ಫಾ, ಎರಡನೆಯದರಲ್ಲಿ ಬೀಟಾ. ಬೀಟಾ ಕೊಂಡಿಯನ್ನು ಕತ್ತರಿಸುವ ಸೆಲ್ಯುಲೇಸ್ ಕಿಣ್ವ ಮನುಷ್ಯರಲ್ಲಿಲ್ಲ. ಹಸುವಿಗೂ ಅದನ್ನು ಒದಗಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ.

ಥ್ಯಾಲಿಡೊಮೈಡ್

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರಾಜನಕವಾಗಿ ಮಾರುಕಟ್ಟೆಗೆ ಬಂದ ಥ್ಯಾಲಿಡೊಮೈಡ್ ಔಷಧವನ್ನು ಗರ್ಭಿಣಿಯರ ವಾಕರಿಕೆಗೂ ನೀಡಲಾಯಿತು. ಕೈಕಾಲುಗಳು ಪೂರ್ಣವಾಗಿ ಬೆಳೆಯದ ಶಿಶುಗಳು ಜನಿಸಿದ್ದಕ್ಕೆ ಇದೇ ಕಾರಣವೆಂಬುದು ಹೊರಬಿದ್ದು, 1961ರ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಬಾಧಿತರಾದರೆಂದು ಅಂದಾಜಿಸಲಾಗಿದೆ.

ಮಾರಾಟವಾದದ್ದು ಆರ್ ಮತ್ತು ಎಸ್ ರೂಪಗಳ ಸಮಮಿಶ್ರಣ. ಭ್ರೂಣಕ್ಕೆ ಹಾನಿ ಮಾಡುವುದು ಎಸ್ ರೂಪವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಆರ್ ರೂಪವನ್ನಷ್ಟೇ ನೀಡಿದ್ದರೆ ದುರಂತ ತಪ್ಪುತ್ತಿತ್ತೆಂಬ ಹೇಳಿಕೆ ಹಲವು ಪಠ್ಯಗಳಲ್ಲಿ ಕಾಣಸಿಗುತ್ತದೆ, ಆದರೆ ಅದು ಸರಿಯಲ್ಲ. ಈ ಅಣುವಿನ ಕೈರಲ್ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಸುಲಭವಾಗಿ ಕಳಚಿ ಮತ್ತೆ ಸೇರಿಕೊಳ್ಳುತ್ತದೆ. ಹಾಗೆ ಸೇರುವಾಗ ಎರಡು ಬದಿಗಳಲ್ಲಿ ಯಾವುದರಿಂದಲೂ ಬರಬಹುದು. ಆದ್ದರಿಂದ ಶುದ್ಧ ಆರ್ ರೂಪವನ್ನು ಸೇವಿಸಿದರೂ ಕೆಲವೇ ಗಂಟೆಗಳಲ್ಲಿ ದೇಹದೊಳಗೆ ಎಸ್ ರೂಪವು ಉಂಟಾಗುತ್ತದೆ.

ಈ ಔಷಧವನ್ನು ಇಂದು ಕುಷ್ಠರೋಗದಲ್ಲಿ ಕಾಣಿಸಿಕೊಳ್ಳುವ ಒಂದು ತೀವ್ರ ಪ್ರತಿಕ್ರಿಯೆಗೂ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿಗೂ, ಗರ್ಭಧಾರಣೆಯನ್ನು ಕಟ್ಟುನಿಟ್ಟಾಗಿ ತಡೆಯುವ ಷರತ್ತಿನ ಮೇಲೆ ಬಳಸಲಾಗುತ್ತಿದೆ.