ಎಮ್ಯುಲೇಟರ್: ಯಂತ್ರದೊಳಗೊಂದು ಯಂತ್ರ

ಕೆ. ಪಿ. ರಾಯರು ಡಾಸ್ ಗಣಕಗಳಿಗಾಗಿ ರಚಿಸಿದ 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನು ಇಂದು ಮಾಕಳಿಯ ವಿದ್ಯಾರ್ಥಿಯೊಬ್ಬನು ತನ್ನ ಗಣಕದಲ್ಲಿ ನಡೆಯಿಸಬಯಸಿದನೆನ್ನೋಣ. ಡಾಸ್ ಕಾಲದ ೧೬ ಬಿಟ್ಟಿನ ತಂತ್ರಾಂಶಗಳನ್ನು ೬೪ ಬಿಟ್ಟಿನ ವಿಂಡೋಸ್ ನಡೆಯಿಸದು. ನಷ್ಟ ಸಣ್ಣದಲ್ಲ. ಯೂನಿಕೋಡಿಗೆ ಮೊದಲು ಒಂದೊಂದು ತಂತ್ರಾಂಶಕ್ಕೂ ತನ್ನದೇ ಅಕ್ಷರಸಂಕೇತವಿದ್ದಿತು. ತಂತ್ರಾಂಶವು ಏಳದಿದ್ದರೆ ಕಡತವು ಉಳಿದರೂ ಓದುವುದು ಕಷ್ಟ.

ಇಲ್ಲಿ ನೆರವಾಗುವುದು ಎಮ್ಯುಲೇಟರ್, ಎಂದರೆ ಅನುಕಾರಿ. ಹಳೆಯ ಯಂತ್ರದ ಒಂದೊಂದು ಆಜ್ಞೆಯನ್ನೂ ಓದಿ, ಹೊಸ ಯಂತ್ರವು ಮಾಡಬಲ್ಲ ಕೆಲಸವಾಗಿ ಅದು ಮಾರ್ಪಡಿಸುವುದು. ೧೯೬೪ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ ೩೬೦ ಗಣಕಗಳು ಹಳೆಯ ೧೪೦೧ರ ಕೆಲಸವನ್ನು ನಡೆಯಿಸಿದುದೂ ಇದೇ ಉಪಾಯದಿಂದ.

೨೦೦೨ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಉಚಿತವಾದುದು. ತೊಡಕೆಲ್ಲ ಅಳವಡಿಕೆಯದು. ತೆರೆದೊಡನೆ ಕಪ್ಪು ಪರದೆ. 'ಮೌಂಟ್' ಎಂಬ ಆಜ್ಞೆಯಿಂದ ಒಂದು ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿಕೊಡಬೇಕು. ವೇಗವನ್ನು ಬೇರೊಂದು ಕಡತದಲ್ಲಿ ತಿದ್ದಬೇಕು. ಇಷ್ಟರಲ್ಲಿ ಸಾಮಾನ್ಯನು ಕೈಚೆಲ್ಲಿದರೆ ತಪ್ಪು ಅವನದಲ್ಲ.

ಅನುಕಾರಿ, ಹಳೆಯ ತಂತ್ರಾಂಶ, ಮೊದಲೇ ಬರೆದಿಟ್ಟ ಆಜ್ಞೆಗಳು, ಇವನ್ನು ಬುತ್ತಿಯಂತೆ ಒಂದೇ ಕಟ್ಟಿನಲ್ಲಿ ಕೊಟ್ಟರೆ ಚಿಹ್ನೆಯೊಂದನ್ನು ಒತ್ತುವುದಷ್ಟೇ ಉಳಿಯುವುದು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯಂತೂ ಡಾಸ್‌ಬಾಕ್ಸನ್ನು ಬ್ರೌಸರಿನೊಳಗೇ ಓಡಿಸಿ, ೨೦೧೫ರಲ್ಲಿ ೨೦೦೦ಕ್ಕೂ ಮಿಕ್ಕ ಡಾಸ್ ಆಟಗಳನ್ನು ಅಳವಡಿಕೆಯ ಗೊಡವೆಯೇ ಇಲ್ಲದಂತೆ ಒದಗಿಸಿತು. ಕನ್ನಡದ ಹಳೆಯ ತಂತ್ರಾಂಶಗಳಿಗೂ ಈ ದಾರಿ ತೆರೆದೇ ಇದೆ.